ಅದು ಹಸಿವಲ್ಲ

ಚಿ. ರಘುವಿಗೆ ಮಾವನ ಆಶೀರ್ವಾದಗಳು.

ಮನೆಯ ಸುದ್ದಿಯನ್ನೆಲ್ಲ ನಿನ್ನ ಅಮ್ಮ ಹೇಳಿಯೇ ಇರುತ್ತಾಳೆ. ಹೊಂಡದಲ್ಲಿ ಎರಡು ಕಾಟ್ಲಾ ಮೀನು ಸತ್ತವು, ಕಿವಿರಿನಲ್ಲಿ ಮಾಸಲು ಹಳದಿ ಕಲೆ ಕಂಡಿತು ಎಂದು ಹೆದರಿ ಬರೆದಿದ್ದೀಯ. ನನ್ನ ನಿದ್ದೆ ಕೆಡಿಸಿದ್ದು ಅದರ ಮುಂದಿನ ಸಾಲು: ‘ಉಳಿದವು ಚೆನ್ನಾಗಿವೆ, ಬೆಳಕು ಹರಿಯುವ ಮೊದಲೇ ಹಸಿದು ಮೇಲೆ ಬಂದು ಬಾಯಿ ತೆರೆಯುತ್ತವೆ.’

ಅದು ಹಸಿವಲ್ಲಪ್ಪ.

ನಾನೂ ಹಸಿವೆಂದೇ ತಿಳಿದಿದ್ದೆ. ಆ ಬೇಸಿಗೆಯಲ್ಲಿ ತೌಡು, ಕಡಲೆಕಾಯಿ ಹಿಂಡಿ ಕಲಸಿ ದಿನಕ್ಕೊಂದು ಬುಟ್ಟಿ ಹೆಚ್ಚಿಗೆ ಹಾಕಿದೆ. ‘ಹಾಕಿದ್ದನ್ನು ಮುಟ್ಟುತ್ತಿಲ್ಲವಲ್ಲ’ ಎಂದು ನಿನ್ನ ಅತ್ತೆ ದಡದಲ್ಲಿ ನಿಂತು ಹೇಳಿದಳು. ಹೆಂಗಸಿಗೇನು ಗೊತ್ತು ಎಂದುಕೊಂಡೆ. ವಾರದೊಳಗೆ ಹೊಂಡದ ತುಂಬ ಬಿಳಿ ಹೊಟ್ಟೆಗಳು. ಒಂದರ ಕಿವಿರಿನ ಮುಚ್ಚಳ ಎತ್ತಿ ನೋಡಿದರೆ, ಕೆಂಪು ಬಾಚಣಿಗೆಯಂತಿರಬೇಕಾದ ಎಳೆಗಳು ತುದಿಯಿಂದ ಕೊಳೆತು ಕೆಸರು ಮೆತ್ತಿಕೊಂಡಿದ್ದವು. ಆ ವಾಸನೆ ಇನ್ನೂ ಮೂಗಿನಲ್ಲಿದೆ.

ಅದು ಕಾಲಮ್ನಾರಿಸ್ ಎಂಬ ರೋಗ ಎಂದು ಮೀನುಗಾರಿಕೆ ಓದಿದವರೊಬ್ಬರು ಆಮೇಲೆ ಹೇಳಿದರು. ಅದನ್ನು ತರುವ ಬ್ಯಾಕ್ಟೀರಿಯಾ ಹೊಂಡದ ನೀರಿನಲ್ಲಿ ಹೇಗೂ ಇರುತ್ತದಂತೆ. ನೀರು 25 ಡಿಗ್ರಿ ದಾಟಿ, ಮೀನು ಕಿಕ್ಕಿರಿದು, ತಿನ್ನದ ಮೇವು ತಳದಲ್ಲಿ ಕೊಳೆತು ಅಮೋನಿಯ ಏರಿದರೆ ಕಿವಿರು ಸೋಲುತ್ತದೆ, ಬ್ಯಾಕ್ಟೀರಿಯಾ ಒಳಹೊಗುತ್ತದೆ. ನಿನ್ನ ನೀರು ಹಸಿರಾಗಿದೆಯಲ್ಲ, ಆ ಪಾಚಿಯೂ ರಾತ್ರಿಯಿಡೀ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ. ಸೂರ್ಯ ಹುಟ್ಟುವ ಹೊತ್ತಿಗೆ ನೀರಿನಲ್ಲಿ ಉಸಿರೇ ಇರುವುದಿಲ್ಲ. ಅರ್ಧ ಕೊಳೆತ ಕಿವಿರಿಗೆ ಇದ್ದಷ್ಟೂ ಸಾಲದು. ಅದಕ್ಕೇ ಬಾಯಿ ತೆರೆಯುತ್ತವೆ, ನಿನ್ನ ಕೈಯ ತುತ್ತಿಗಲ್ಲ.

ಸೋತವನು ಬುದ್ಧಿ ಹೇಳುವುದು ಚೆಂದವಲ್ಲ, ಆದರೂ ಮೂರು ದಿನ ಮೇವು ನಿಲ್ಲಿಸು. ಸುಣ್ಣ ತಂದಿಟ್ಟಿದ್ದೇನೆ ಎಂದಿದ್ದೀಯ, ಈಗ ಬೇಡ. ಸುಣ್ಣ ಬಿದ್ದು ನೀರಿನ ಕ್ಷಾರ ಏರಿದರೆ ಅಮೋನಿಯದ ವಿಷವೂ ಏರುತ್ತದೆ. ನಾನು ಅದನ್ನೂ ಮಾಡಿದ್ದೆ. ತಳದ ಕೊಳೆನೀರು ಸ್ವಲ್ಪ ಹೊರಬಿಟ್ಟು ಬೋರ್‌ವೆಲ್ ನೀರು ಕೊಡು. ಆ ನೀರಿನಲ್ಲೂ ಆಮ್ಲಜನಕ ಕಡಿಮೆ, ಎತ್ತರದಿಂದ ಕಲ್ಲುಚಪ್ಪಡಿಯ ಮೇಲೆ ಚಿಮ್ಮಿ ಬೀಳಲಿ. ಸತ್ತವನ್ನು ದಿನವೂ ತೆಗೆದು ದೂರ ಹೂಳು. ಔಷಧದ ಮಾತು ಮೀನುಗಾರಿಕೆ ಇಲಾಖೆಯವರು ಬಂದು ನೋಡಿದ ಮೇಲೆ.

ನಾಳೆ ಐದು ಗಂಟೆಗೆ ಟಾರ್ಚ್ ಹಿಡಿದು ಹೋಗಿ ನೋಡು, ಹತ್ತು ಗಂಟೆಗೆ ಮತ್ತೆ ನೋಡು. ಬಿಸಿಲೇರಿದ ಮೇಲೆ ಕೆಳಗಿಳಿದರೆ ಇನ್ನೂ ಕಾಲ ಮಿಂಚಿಲ್ಲ. ಆಗಲೂ ಮೇಲೆಯೇ ಬಾಯಿ ತೆರೆಯುತ್ತಿದ್ದರೆ ಪತ್ರ ಬರೆಯುತ್ತ ಕೂರಬೇಡ, ಫೋನ್ ಮಾಡು.

ನಿನ್ನ ಮಾವ