ಆ ಪಾದ್ರಿಯ ಚಿಂತೆ

ಪ್ರೀತಿಯ ಪುಟ್ಟಾ, ಆಶೀರ್ವಾದ.

ಮನೆ ಸಮಾಚಾರ ನಿಮ್ಮಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಅದು ಬಿಡು. ನಿನ್ನ ಕಾಗದದ ಆ ಒಂದು ಸಾಲಿನಿಂದ ನನಗೆ ಸಮಾಧಾನವೇ ಇಲ್ಲ. ‘ಹೆಲ್ಸ್ ಹಿಂಜಸ್ ನೋಡಿದೆ ದೊಡ್ಡಪ್ಪ, ಆಫೀಸಿನಲ್ಲಿ ನಾನೂ ಆ ಪಾದ್ರಿ ಹಾಗೇ ಆಗಿಬಿಡ್ತೀನೇನೋ’ ಅಂತ ಬರೆದಿದ್ದೀಯಲ್ಲ.

1916ರ ಮೂಕಿ ಚಿತ್ರ ಅದು. ಫಿಲ್ಮ್ ಸೊಸೈಟಿಯಲ್ಲಿ ನೋಡಿದಾಗ ನಮಗೆಲ್ಲ ಕಂಡದ್ದು ಅದರ ನಾಯಕ ನಟ ವಿಲಿಯಂ ಎಸ್. ಹಾರ್ಟ್ ಒಬ್ಬನೇ. ಐವತ್ತು ದಾಟಿದ್ದರೂ ಏನು ಗತ್ತು! ಹೆಂಡದಂಗಡಿ ಮಾಲೀಕ ಸಿಲ್ಕ್ ಮಿಲ್ಲರ್ ಪರವಾಗಿ ಪಾದ್ರಿಯನ್ನು ಓಡಿಸೋಕೆ ಬಂದವನು, ಪಾದ್ರಿಯ ಒಡಹುಟ್ಟಿದವಳ ಮುಖ ನೋಡಿ ನಿಂತೇಬಿಡುತ್ತಾನೆ. ನಿನ್ನ ಕಣ್ಣಿಗೆ ಮಾತ್ರ ಪಾದ್ರಿ ಬಿದ್ದ.

ಆದರೆ ಅವನಿಗೆ ಆ ಕೆಲಸವೇ ಬೇಕಿರಲಿಲ್ಲ ಕಣೋ. ಅಮ್ಮನ ಆಸೆಗೆ ಪಾದ್ರಿಯಾದವನು. ಅದಕ್ಕೇ ಮಿಲ್ಲರ್‌ಗೆ ಒಂದು ಹೆಣ್ಣು, ಒಂದಿಷ್ಟು ಕುಡಿತ ಸಾಕಾಯಿತು. ಕೊನೆಗೆ ತನ್ನ ಚರ್ಚಿಗೇ ಬೆಂಕಿ ಇಡುವವರ ಜತೆ ಸೇರಿಕೊಂಡ. ನೀನು ಈ ಕೆಲಸ ಬೇಕೂಂತ ಓದಿ, ಪರೀಕ್ಷೆ ಬರೆದು ಹೋದವನು. ಅದು ದೊಡ್ಡ ವ್ಯತ್ಯಾಸ ಅಲ್ವಾ?

ನಮ್ಮ ಆಫೀಸಿನಲ್ಲಿ ಒಬ್ಬರು ಹಿರಿಯ ಗುಮಾಸ್ತರಿದ್ದರು. ಸಂಜೆ ಲಂಚದ ದುಡ್ಡು ಹಂಚುವ ಹೊತ್ತಿಗೆ ಟಿಫನ್ ಡಬ್ಬಿ ಹಿಡಿದು ನಲ್ಲಿ ಹತ್ತಿರ ಹೋಗಿಬಿಡುತ್ತಿದ್ದರು. ತೊಳೆದ ಡಬ್ಬಿಯನ್ನೇ ಮತ್ತೆ ತೊಳೆಯೋರು. ಜಗಳ ಇಲ್ಲ, ಭಾಷಣ ಇಲ್ಲ. ಇಷ್ಟು ವರ್ಷ ಹೇಗೆ ತಡೆದುಕೊಂಡಿರಿ ಅಂತ ಅವರನ್ನು ಕೇಳಬೇಕೂಂತ ಅಂದುಕೊಳ್ಳುತ್ತಲೇ ಇದ್ದೆ. ಕೇಳಲಾಗಲಿಲ್ಲ, ಅವರು ಹೋಗಿಬಿಟ್ಟರು. ಕೇಳಿದ್ದರೆ ಇವತ್ತು ನಿನಗೆ ಬರೆಯೋಕೆ ಏನಾದರೂ ಇರುತ್ತಿತ್ತು.

ಹಾರ್ಟ್ ಮಾಡಿದ ಹಾಗೆ ಮಾಡು ಅನ್ನೋಕೂ ನನಗೆ ಮನಸ್ಸಿಲ್ಲ. ಮಿಲ್ಲರ್‌ನನ್ನು ಕೊಂದು ಇಡೀ ಊರನ್ನೇ ಸುಟ್ಟುಬಿಡುತ್ತಾನೆ. ಆಗ ನಾವೆಲ್ಲ ಚಪ್ಪಾಳೆ ತಟ್ಟಿದ್ದೆವು. ಚರ್ಚ್ ಉಳಿಸೋಕೆ ನಿಂತ ನಾಲ್ಕು ಜನರ ಊರೂ ಅದೇ ಅಲ್ವಾ ಅಂತ ಹೊಳೆದದ್ದು ಎಷ್ಟೋ ವರ್ಷದ ಮೇಲೆ. ಅಂಥ ನಾಲ್ಕು ಜನ ನಿನ್ನ ಆಫೀಸಿನಲ್ಲೂ ಇರುತ್ತಾರೆ. ಸುಮ್ನೆ ಅವರ ಪಕ್ಕ ಕೂತು ಊಟ ಮಾಡು.

ಇನ್ನೇನು ಹೇಳಲಿ? ಸಂಜೆ ಲಂಚ ತಿನ್ನೋರ ಪಾರ್ಟಿಗೆ ಹೋಗಬೇಡ, ಪಾದ್ರಿ ಜಾರಿದ್ದು ಅಲ್ಲೇ. ಬಾಯಿಮಾತಿನಲ್ಲಿ ಹೇಳಿದ್ದನ್ನೆಲ್ಲ ಫೈಲಿನಲ್ಲಿ ಬರೆದಿಡು. ಇದೆಲ್ಲ ನಿನಗೆ ಗೊತ್ತಿರೋದೇ, ಬೇಜಾರು ಮಾಡಿಕೊಳ್ಳಬೇಡ. ಆ ಭಯ ಜಾಸ್ತಿಯಾದ ದಿನ ಕಾಗದ ಬರೆಯುತ್ತಾ ಕೂರಬೇಡ, ಎಷ್ಟೊತ್ತಾದರೂ ಫೋನ್ ಮಾಡು. ನನಗೆ ಹೇಗೂ ನಿದ್ದೆ ಕಡಿಮೆ.

ನಿನ್ನ
ದೊಡ್ಡಪ್ಪ