ಆ ಗೋಡೆ ಇನ್ನೂ ಸ್ವಲ್ಪ ದಿನ ಖಾಲಿ ಇರಲಿ

ಪ್ರೀತಿಯ ಮಗಳೇ,

ನೀನು ಕಳಿಸಿದ ಫೋಟೋ ನೋಡಿದೆ. ಬೂದು ಬಣ್ಣದ ಸೋಫಾ, ಅದರ ಹಿಂದೆ ಉದ್ದನೆಯ ಬಿಳಿ ಗೋಡೆ. ಜೊತೆಗೆ ನೀನು ಆನ್‌ಲೈನ್‌ನಲ್ಲಿ ಹುಡುಕಿದ ಮೂರು ಚಿತ್ರಗಳು. ‘ಅಮ್ಮಾ, ಇದರಲ್ಲಿ ಯಾವುದು ಮ್ಯಾಚ್ ಆಗುತ್ತೆ?’ ಅಂತ ಕೇಳಿದ್ದೀಯ. ಮೂರೂ ಮ್ಯಾಚ್ ಆಗುತ್ತವೆ. ಆದರೆ ಒಂದರ ಬಗ್ಗೆಯೂ ‘ಇದು ನನಗೆ ಇಷ್ಟ’ ಅಂತ ನೀನು ಬರೆದಿಲ್ಲ. ಅದಕ್ಕೇ ಫೋನಿನಲ್ಲಿ ಒಂದು ಮಾತಲ್ಲಿ ಮುಗಿಸದೆ ಈ ಪತ್ರ ಬರೆಯಲು ಕೂತೆ.

ಹೊಸದಾಗಿ ಮನೆ ಮಾಡಿದಾಗ ನಾನೂ ಹೀಗೇ ಆರಿಸಿದ್ದೆ. ಪರದೆ ನೀಲಿ ಇತ್ತು, ಅದಕ್ಕೊಂದು ನೀಲಿ ಚಿತ್ರ ತಂದೆ. ತೂಗುಹಾಕಿದ ದಿನ ಕೋಣೆ ತುಂಬಿದ ಹಾಗೆ ಅನಿಸಿತು. ಬಂದವರೆಲ್ಲ ಚೆನ್ನಾಗಿದೆ ಅಂದರು. ಮುಂದೊಂದು ಸಲ ಗೋಡೆಗೆ ಬಣ್ಣ ಹೊಡೆಸಲು ಅದನ್ನು ಇಳಿಸಿ ಒಳಗಿಟ್ಟೆವು. ಬಣ್ಣದ ಕೆಲಸ ಮುಗಿದು ವಾರಗಳೇ ಕಳೆದವು. ಮನೆಯಲ್ಲಿ ಯಾರಿಗೂ ಅದರ ನೆನಪಾಗಲಿಲ್ಲ, ನನಗೂ ಆಗಲಿಲ್ಲ. ಅದರಲ್ಲಿ ಏನಿತ್ತು ಅಂತ ಈಗ ಕೇಳಿದರೆ ನೀಲಿ ಇತ್ತು ಅಂತಷ್ಟೇ ಹೇಳಬಲ್ಲೆ.

ಬಾಗಿಲಲ್ಲಿ ನಿಂತ ಹೆಂಗಸಿನ ಚಿತ್ರದ ಕಥೆ ಬೇರೆ. ಎರಡು ಅಂಗೈ ಸೇರಿಸಿದಷ್ಟೇ ಅಗಲದ ಎಚಿಂಗ್ ಅದು, ಅಂದರೆ ಲೋಹದ ತಗಡಿನಲ್ಲಿ ಆಮ್ಲದಿಂದ ಗೆರೆ ಕೊರೆದು ಕಾಗದಕ್ಕೆ ಅಚ್ಚೊತ್ತಿದ ಚಿತ್ರ. ಕಪ್ಪು ಬಿಳುಪು. ನಮಗೆ ಅವಳ ಬೆನ್ನು ಮಾತ್ರ ಕಾಣುತ್ತೆ. ಕೆಳಗೆ ಪೆನ್ಸಿಲ್‌ನಲ್ಲಿ 7/30 ಅಂತ ಬರೆದಿದೆಯಲ್ಲ, ಚಿಕ್ಕವಳಿದ್ದಾಗ ನೀನು ಅದನ್ನು ತಾರೀಖು ಅಂದುಕೊಂಡಿದ್ದೆ. ಒಂದೇ ತಾಮ್ರದ ತಗಡಿನಿಂದ 30 ಪ್ರತಿ ತೆಗೆದಿದ್ದಾರೆ, ಇದಕ್ಕೆ 7ನೇ ಸಂಖ್ಯೆ ಕೊಟ್ಟಿದ್ದಾರೆ ಅಂತ ಅದರ ಅರ್ಥ. ಪ್ರತಿ ಸಲವೂ ತಗಡಿಗೆ ಶಾಯಿ ಬಳಿದು, ಕೈಯಿಂದಲೇ ಒರೆಸಿ, ಆಮೇಲೆ ಒತ್ತಿ ತೆಗೆಯುತ್ತಾರೆ. ಹಾಗಾಗಿ 30ರಲ್ಲಿ ಯಾವ ಎರಡೂ ಪೂರ್ತಿ ಒಂದೇ ಥರ ಇರುವುದಿಲ್ಲ.

ಅದು ನಮ್ಮ ಮನೆಯ ಯಾವುದಕ್ಕೂ ಹೊಂದಿಕೆಯಾಗಲಿಲ್ಲ. ಹಾಲ್‌ನಲ್ಲಿತ್ತು, ಮಲಗುವ ಕೋಣೆಗೆ ಹೋಯಿತು, ಕೊನೆಗೆ ಅಡುಗೆಮನೆಯ ಪಕ್ಕ ಬಂತು. ‘ಅವಳು ಹೊರಟಿದ್ದಾಳಾ, ಯಾರಿಗಾದರೂ ಕಾಯ್ತಿದ್ದಾಳಾ?’ ಅಂತ ನೀನು ಎಷ್ಟು ಸಲ ಕೇಳಿದ್ದೀಯೋ. ನಾನು ಒಂದೊಂದು ಸಲ ಒಂದೊಂದು ಹೇಳುತ್ತಿದ್ದೆ. ನಿನಗೆ ಸಮಾಧಾನ ಮಾಡಲು ಅಲ್ಲ, ನನಗೆ ನಿಜಕ್ಕೂ ಹಾಗೆ ಕಾಣುತ್ತಿತ್ತು. ನಿನ್ನ ಅಜ್ಜಿ ತೀರಿಕೊಂಡ ವರ್ಷ ಚಿತ್ರದ ಆ ಹೆಂಗಸು ಹೊರಟು ನಿಂತಿದ್ದಳು. ಒಂದು ಹೆಜ್ಜೆ ಇಟ್ಟರೆ ಕಾಣುವುದಿಲ್ಲ ಅನ್ನೋ ಹಾಗೆ. ನೀನು ಓದಲು ಬೇರೆ ಊರಿಗೆ ಹೋದ ಮೇಲೆ ಅದೇ ಬೆನ್ನು ಕಾಯುವವಳ ಬೆನ್ನಾಯಿತು. ಒಂದು ಗೆರೆಯೂ ಬದಲಾಗಿರಲಿಲ್ಲ.

ಮೊದಲ ಸಲ ಅದಕ್ಕೆ ಫ್ರೇಮ್ ಹಾಕಿದವರು ಹಿಂದೆ ಸಾದಾ ರಟ್ಟು ಇಟ್ಟಿದ್ದರು. ಅಂಥ ರಟ್ಟಿನ ಆಮ್ಲ ಮೆಲ್ಲಗೆ ಕಾಗದಕ್ಕೆ ಇಳಿಯುತ್ತೆ. ಕೆಲವು ವರ್ಷಗಳಲ್ಲಿ ಅಂಚಿನ ಸುತ್ತ ಕಂದು ಗೆರೆ ಎದ್ದಿತು. ಅದನ್ನು ಕಂಡ ದಿನ ನಾನು ಅತ್ತಿದ್ದೆ. ಆಮ್ಲ ಇಲ್ಲದ ಬೋರ್ಡ್ ಹಾಕಿಸಿದೆ, ಆದರೆ ಆ ಗೆರೆ ಹೋಗಲಿಲ್ಲ. ನೀನು ಕಾಗದದ ಮೇಲಿನ ಚಿತ್ರ ಏನೇ ತಂದರೂ ಇದನ್ನು ಮೊದಲೇ ಕೇಳು.

ನಿನಗೆ ಹರ್ಬರ್ಟ್ ಮತ್ತು ಡೊರೊಥಿ ವೋಗೆಲ್ ಅವರ ಬಗ್ಗೆ ಹೇಳಬೇಕು. ನ್ಯೂಯಾರ್ಕ್‌ನ ದಂಪತಿ, 1962ರಲ್ಲಿ ಮದುವೆಯಾದವರು. ಆತ ಅಂಚೆ ಇಲಾಖೆಯ ಗುಮಾಸ್ತ, ಆಕೆ ಗ್ರಂಥಾಲಯದಲ್ಲಿ ಕೆಲಸ. ಆಕೆಯ ಸಂಬಳದಲ್ಲಿ ಮನೆ ನಡೆಸಿ, ಆತನ ಸಂಬಳದಲ್ಲಿ ಚಿತ್ರ ಕೊಳ್ಳುತ್ತಿದ್ದರು. ಕೊಳ್ಳಲು ಕೈಗೆಟುಕಬೇಕು, ತಮ್ಮ ಪುಟ್ಟ ಮನೆಯೊಳಗೆ ಹಿಡಿಸಬೇಕು. ಅವರು ಇಟ್ಟುಕೊಂಡಿದ್ದ ನಿಯಮ ಇಷ್ಟೇ. ಗೋಡೆ ತುಂಬಿ, ಮಂಚದ ಕೆಳಗೂ ಚಿತ್ರಗಳು ಸೇರಿದವು. 4 ಸಾವಿರಕ್ಕೂ ಜಾಸ್ತಿ ಕೃತಿಗಳಾದವು. ಮಾರಿದ್ದರೆ ಎಷ್ಟೋ ಹಣ ಬರುತ್ತಿತ್ತು. ಅವರು 1992ರಲ್ಲಿ ವಾಷಿಂಗ್ಟನ್‌ನ ನ್ಯಾಷನಲ್ ಗ್ಯಾಲರಿಗೆ ಒಪ್ಪಿಸಲು ಹೊರಟರು. ಇಷ್ಟವಾದದ್ದನ್ನು ಕೊಳ್ಳಲು ಶ್ರೀಮಂತರಾಗಬೇಕು ಅಂತ ಯಾರಾದರೂ ಅಂದರೆ ನನಗೆ ಇವರೇ ನೆನಪಾಗುತ್ತಾರೆ.

ಮನೆ ಚೆಂದ ಕಾಣಲಿ ಅಂತ ಚಿತ್ರ ಹುಡುಕುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. 1908ರಲ್ಲಿ ಫ್ರಾನ್ಸ್‌ನ ಕಲಾವಿದ ಮಾತೀಸ್ ಬರೆದ ಒಂದು ದೊಡ್ಡ ಚಿತ್ರ, ಶುಕಿನ್ ಅನ್ನುವ ರಷ್ಯಾದ ವ್ಯಾಪಾರಿಯ ಊಟದ ಕೋಣೆಗೆ ಅಂತಲೇ ಆದದ್ದು. ಮೊದಲು ಅದು ನೀಲಿ ಇತ್ತು. ಮಾತೀಸ್‌ಗೆ ಸರಿ ಅನಿಸಲಿಲ್ಲ. ಅದರ ಮೇಲೇ ಪೂರ್ತಿ ಕೆಂಪು ಬಳಿದರು. ಮೇಜಿನ ಬಟ್ಟೆ, ಗೋಡೆ ಎಲ್ಲ ಒಂದೇ ಕೆಂಪು. ಶುಕಿನ್ ಅದನ್ನು ಹಾಗೇ ತೆಗೆದುಕೊಂಡರು. ನನಗೆ ಶುಕಿನ್ ಮೇಲೆ ಗೌರವ. ಕೋಣೆ ಏನು ಕೇಳಿತ್ತು ಅನ್ನುವುದನ್ನು ಬಿಟ್ಟು, ಎದುರಿಗಿದ್ದ ಚಿತ್ರವನ್ನು ನೋಡಿದರು, ಅಲ್ವಾ?

ಹೋದ ವರ್ಷ ಒಂದು ಪ್ರದರ್ಶನದಿಂದ ನೀನು ನನಗೆ ಫೋಟೋ ಕಳಿಸಿದ್ದು ನೆನಪಿದೆಯಾ? ಒಣಗಲು ಹಾಕಿದ ಬಟ್ಟೆಗಳ ಹಿಂದೆ ಒಬ್ಬ ಮನುಷ್ಯನ ಕಾಲು ಮಾತ್ರ ಕಾಣುವ ಜಲವರ್ಣ. ‘ಮೂರು ಸಲ ವಾಪಸ್ ಹೋಗಿ ನೋಡಿದೆ, ಆದರೆ ತುಂಬಾ ಚಿಕ್ಕದು, ಎಲ್ಲಿ ಹಾಕೋದು’ ಅಂತ ಬರೆದಿದ್ದೆ. ಈಗ ಕಳಿಸಿದ ಮೂರರಲ್ಲಿ ಯಾವುದನ್ನಾದರೂ ಎರಡನೇ ಸಲ ನೋಡಬೇಕು ಅನಿಸಿತಾ? ಅನಿಸಿದ್ದರೆ ತೆಗೆದುಕೋ, ನಾನು ಬೇಡ ಅನ್ನುವುದಿಲ್ಲ. ಅನಿಸಿಲ್ಲ ಅಂದರೆ, ಆ ಜಲವರ್ಣ ಇನ್ನೂ ಕಲಾವಿದರ ಹತ್ತಿರ ಇದೆಯಾ ಅಂತ ಸುಮ್ನೆ ಒಂದು ಮಾತು ಕೇಳಿ ನೋಡು.

ಸಿಕ್ಕರೆ ಸೋಫಾದ ಮೇಲೆ ಹಾಕಬೇಡ. ಫೋಟೋದಲ್ಲಿ ಆ ಗೋಡೆಗೆ ನೇರ ಬಿಸಿಲು ಬಿದ್ದಿದೆ. ಜಲವರ್ಣಕ್ಕೆ ಬಿಸಿಲು ಆಗದು. ಒಮ್ಮೆ ಮಾಸಿದ ಬಣ್ಣ ಮತ್ತೆ ಬರುವುದಿಲ್ಲ. ಮ್ಯೂಸಿಯಂಗಳಲ್ಲಿ ಇಂಥ ಚಿತ್ರಗಳಿಗೆ ಸುಮಾರು 50 ಲಕ್ಸ್ (ಲಕ್ಸ್ ಅಂದರೆ ಬೆಳಕಿನ ಅಳತೆ) ಬೆಳಕು ಮಾತ್ರ ಬಿಡುತ್ತಾರೆ, ಅದು ಸಂಜೆ ಮನೆಯೊಳಗಿನ ಮಂದ ಬೆಳಕಿನಷ್ಟು. ನಿನ್ನ ಓದುವ ಮೇಜಿನ ಪಕ್ಕದ ಕಿರಿದಾದ ಗೋಡೆ ಸರಿಹೋಗಬಹುದು. ಚಿತ್ರದ ನಡುಭಾಗ ನೆಲದಿಂದ 145ರಿಂದ 150 ಸೆಂಟಿಮೀಟರ್ ಎತ್ತರದಲ್ಲಿರಲಿ, ನಿಂತು ನೋಡಿದರೆ ಕಣ್ಣಿಗೆ ನೇರ ಬರುತ್ತೆ. ಮೊಳೆ ಹೊಡೆಯುವ ಮೊದಲು ಒಂದು ವಾರ ಹಾಗೇ ಒರಗಿಸಿಟ್ಟು ನೋಡು.

ಸೋಫಾದ ಹಿಂದಿನ ಗೋಡೆ ಖಾಲಿ ಇದ್ದರೆ ಇರಲಿ. ಯಾರಾದರೂ ಕೇಳಿದರೆ ಇನ್ನೂ ಹುಡುಕುತ್ತಿದ್ದೇನೆ ಅನ್ನು. ಕಲಾವಿದರು ಏನಂದರು ಅಂತ ಬರಿ, ಆ ಕಾಲುಗಳನ್ನು ಹತ್ತಿರದಿಂದ ನೋಡಲು ನನಗೂ ಆಸೆ ಇದೆ.

ಪ್ರೀತಿಯಿಂದ,
ಅಮ್ಮ