ಅಳತೆ ಸಾಮಾನಿಗೆ ಎಷ್ಟು ದುಡ್ಡು ಹಾಕಬೇಕು

ಚಿ. ಮಹೇಶನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮರಗೆಲಸಕ್ಕೆ ಕೊಳ್ಳಬೇಕೆಂದು ನೀನು ಕಳಿಸಿದ ಅಳತೆ ಸಾಮಾನಿನ ಪಟ್ಟಿ ನೋಡಿದೆ. ದಪ್ಪ ಅಳೆಯುವ ಮಿಟುಟೊಯೊ ಕ್ಯಾಲಿಪರ್, ಸ್ಟ್ಯಾರೆಟ್ ಕಾಂಬಿನೇಶನ್ ಸ್ಕ್ವೇರ್ (ಪಟ್ಟಿ ಜಾರುವ ಮೂಲೆಮಟ್ಟ), ಸೂಕ್ಷ್ಮ ಏರುಪೇರು ತೋರಿಸುವ ಡಯಲ್ ಗೇಜ್ ಎಲ್ಲವೂ ಒಳ್ಳೆಯ ಸಾಮಾನೇ. ಆದರೆ ಮಿಲಿಮೀಟರಿನ ನೂರನೇ ಒಂದು ಭಾಗದ ಲೆಕ್ಕ ಬೇಕಾಗುವುದು ಲೋಹ ಕಡೆಯುವ ಲೇತ್ ಕೆಲಸದವರಿಗೆ. ಮರ ಅಷ್ಟು ನಿಖರವಾಗಿ ನಿಲ್ಲುವುದಿಲ್ಲ. 300 ಮಿ.ಮೀ. ಅಗಲದ ತೇಗದ ಹಲಗೆಯ ತೇವಾಂಶ ಬೇಸಿಗೆಯಿಂದ ಮಳೆಗಾಲಕ್ಕೆ ಶೇ. 4ರಷ್ಟು ಏರಿದರೆ, ಹಲಗೆ ಅಗಲದಲ್ಲಿ ಸುಮಾರು 2 ಮಿ.ಮೀ.ವರೆಗೆ ಹಿಗ್ಗುತ್ತದೆ. ಉದ್ದದಲ್ಲಿ ಹೆಚ್ಚುಕಡಿಮೆ ಏನೂ ಆಗದು. ಅದಕ್ಕೇ ಬಾಗಿಲ ಚೌಕಟ್ಟಿನೊಳಗಿನ ಹಲಗೆಗೆ ಗ್ರೂವಿನಲ್ಲಿ (ಹಲಗೆ ಕೂರುವ ತೋಡಿನಲ್ಲಿ) ಜಾಗ ಬಿಡಬೇಕು, ಅಂಟು ಹಾಕಬಾರದು.

ದುಡ್ಡು ಹಾಕುವುದಿದ್ದರೆ ಮೂಲೆ ನೇರ 90 ಡಿಗ್ರಿ ಇದೆಯೇ ಎಂದು ನೋಡುವ ಮೂಲೆಮಟ್ಟಕ್ಕೆ ಹಾಕು. ಟೇಪು ಓದುವುದರಲ್ಲಿ ತಪ್ಪಿದರೆ ಕೆಡುವುದು ಒಂದು ತುಂಡು. ಮೂಲೆಮಟ್ಟವೇ ಓರೆಯಾಗಿದ್ದರೆ ಕೊಯ್ದದ್ದೆಲ್ಲ ಓರೆ. ಬೆಲೆ ನೋಡಿ ನಂಬಬೇಡ, ಅಂಗಡಿಯಲ್ಲೇ ಪರೀಕ್ಷಿಸು. ನೇರ ಅಂಚಿನ ಪ್ಲೈ ತುಂಡಿಗೆ ಮೂಲೆಮಟ್ಟದ ಹಿಡಿ ಒತ್ತಿ ಹಿಡಿದು, ಚೂಪಾದ ಪೆನ್ಸಿಲ್‌ನಿಂದ 300 ಮಿ.ಮೀ. ಗೆರೆ ಎಳೆ. ಹಿಡಿಯನ್ನು ಮಗುಚಿ, ಅದೇ ಬಿಂದುವಿನಿಂದ ಇನ್ನೊಂದು ಎಳೆ. ತುದಿಯಲ್ಲಿ ಗೆರೆಗಳ ನಡುವೆ 1 ಮಿ.ಮೀ. ಅಂತರ ಕಂಡರೆ ನಿಜವಾದ ತಪ್ಪು ಅರ್ಧ ಮಿ.ಮೀ.; 600 ಮಿ.ಮೀ. ಬಾಗಿಲಿಗೆ ಅದು ಪೂರ್ತಿ 1 ಮಿ.ಮೀ. ಆಗಿ ಉಜ್ಜಲು ಶುರುವಾಗುತ್ತದೆ. ಪ್ಲೈ ಅಂಚೇ ಡೊಂಕಿದ್ದರೆ ಈ ಪರೀಕ್ಷೆ ಸುಳ್ಳು ಹೇಳುತ್ತದೆ, ಮೊದಲು ಅದನ್ನು ನೋಡು. ಕಡಿಮೆ ಬೆಲೆಯದೇ ಪಾಸಾದರೆ ಅದನ್ನೇ ತಗೋ. ಯಾವುದೇ ಆಗಲಿ, ಕೆಳಗೆ ಬಿದ್ದ ದಿನ ಮತ್ತೆ ಪರೀಕ್ಷಿಸು.

ಟೇಪಿನ ತುದಿಯ ಕೊಕ್ಕೆ ಅಲುಗಾಡುವುದು ದೋಷವಲ್ಲ. ಒಳ ಅಳತೆಗೂ ಹೊರ ಅಳತೆಗೂ ಸರಿಹೋಗಲೆಂದು ಕೊಕ್ಕೆಯ ದಪ್ಪದಷ್ಟೇ ಅಲುಗಾಡುವಂತೆ ಮಾಡಿರುತ್ತಾರೆ, ಬಡಿದು ಬಿಗಿ ಮಾಡಬೇಡ. ಒಂದು ಕೆಲಸಕ್ಕೆ ಮೊದಲಿಂದ ಕೊನೆಯವರೆಗೂ ಒಂದೇ ಟೇಪು ಇರಲಿ. ಸಾಧ್ಯವಾದಲ್ಲಿ ಅಳೆಯಲೇಬೇಡ: ತುಂಡನ್ನು ಅದು ಕೂರುವ ಜಾಗದಲ್ಲೇ ಇಟ್ಟು ಚಾಕುವಿನಿಂದ ಗೆರೆ ಹಾಕು. ಒಂದೇ ಬಗೆಯ ನಾಲ್ಕು ಕಪಾಟಾದರೆ ಎಲ್ಲ ಎತ್ತರಗಳನ್ನೂ ಒಂದು ರೀಪಿನ ಮೇಲೆ ಗುರುತು ಹಾಕಿ, ಆ ರೀಪಿನಿಂದಲೇ ಎಲ್ಲಕ್ಕೂ ಇಳಿಸು. ಕಪಾಟಿಗೆ ಅಂಟು ಹಾಕಿ ಬಿಗಿದ ಮೇಲೆ ಎರಡೂ ಕರ್ಣಗಳನ್ನು (ಎದುರುಬದುರು ಮೂಲೆಗಳ ನಡುವಿನ ದೂರ) ಅಳೆ. ಒಂದು ಉದ್ದವಿದ್ದರೆ, ಆ ಎರಡು ಮೂಲೆಗಳಿಗೆ ಕ್ಲಾಂಪ್ ಅಡ್ಡ ಹಾಕಿ ಮೆಲ್ಲಗೆ ಎಳೆ. ಅಂಟು ಗಟ್ಟಿಯಾದ ಮೇಲೆ ಏನೂ ಮಾಡಲಾಗದು.

ಕ್ಯಾಲಿಪರ್ ಸಾಧಾರಣದ್ದೇ ಸಾಕು. ಹದಿನೆಂಟರ ಪ್ಲೈ ಅಂತ ಬರುವುದು ಎಷ್ಟೋ ಸಲ 18 ಮಿ.ಮೀ. ದಪ್ಪ ಇರುವುದಿಲ್ಲ. ಗ್ರೂವ್ ಹೊಡೆಯುವ ಮುಂಚೆ ಹಾಳೆಯ ಮೂರ್ನಾಲ್ಕು ಕಡೆ ಅಳೆದು ನೋಡು. ಡಯಲ್ ಗೇಜ್ ಕೊಳ್ಳುವುದು ಟೇಬಲ್ ಸಾ (ಮೇಜಿನ ಗರಗಸ ಯಂತ್ರ) ಬಂದ ಮೇಲಾಯಿತು. ಆ ಹಣದಲ್ಲಿ ಈಗ 1000 ಗ್ರಿಟ್ ಸಾಣೆಕಲ್ಲು ತಗೋ. ಉಳಿ ಮೊಂಡಾಗಿದ್ದರೆ ಎಷ್ಟು ನಿಖರವಾದ ಗೆರೆ ಹಾಕಿದರೂ ಉಳಿ ಮರದ ಎಳೆ ಹಿಡಿದು ಪಕ್ಕಕ್ಕೆ ಓಡುತ್ತದೆ.

ಇಂತಿ ನಿನ್ನ
ದೊಡ್ಡಪ್ಪ